ಮಾಳಿಗೆಯ ಮೇಲೆ ಚರಗ

ಮೈ ಬಗ್ಗಿಸಿ ಮಾಡುವ ಕೆಲಸ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಹುಟ್ಟಿದ್ದು ಸವಡಿಯ ಒಕ್ಕಲುತನದ ಮನೆಯಲ್ಲಿ ಎಂಬುದಷ್ಟೇ ಮುಜುಗರ. ಹತ್ತು ವರ್ಷದವನಿದ್ದಾಗ ಅಪ್ಪ ನನ್ನನ್ನು ಓದಲಿಕ್ಕೆಂದು ಬೋರ್ಡಿಂಗಿಗೆ ಹಾಕಿದ. ಅಣ್ಣ ಯಲ್ಲಪ್ಪನ ಕೈಗೆ ಕೂರಿಗೆ ಬಂತು, ನನ್ನ ಕೈಗೆ ಸೀಮೆಸುಣ್ಣ. ಈಗ ರೋಣದಲ್ಲಿ ಇತಿಹಾಸ ಕಲಿಸುತ್ತೇನೆ. ವರ್ಷಕ್ಕೆ ಎರಡು ಸಲ, ಶೀಗಿ ಹುಣ್ಣಿಮೆಗೂ ಎಳ್ಳಮವಾಸ್ಯೆಗೂ, ಅಣ್ಣನ ಹೊಲಕ್ಕೆ ಹೋಗುತ್ತೇನೆ. ಅವನು ಪೈರಿನ ನಡುವೆ ಹಬ್ಬದಡುಗೆಯ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸುವುದನ್ನು ನೋಡಿ, ನಾನೂ ಹೊಟ್ಟೆ ತುಂಬ ಕಡುಬು ತಿಂದು ಬರುತ್ತೇನೆ, ಬೀಗರ ಹಾಗೆ.

ಆ ವರ್ಷದ ಶೀಗಿ ಹುಣ್ಣಿಮೆಯಲ್ಲಿ ಈ ಬೀಗತನವೇ ನನ್ನನ್ನು ಕೆಡಿಸಿತು. ಎಲ್ಲರೂ ಕೊಯ್ದ ಪೈರಿನ ಮೊನೆಗಳೆದ್ದ ನೆಲದ ಮೇಲೆ ಕುಳಿತಿದ್ದಾಗ ಅತ್ತಿಗೆ ನನಗೊಬ್ಬನಿಗೇ ಚಾಪೆ ಹಾಸಿ, "ನೀವು ಇದರ ಮ್ಯಾಲೆ ಕುಂದರ್ರಿ, ಕೂಳಿ ಚುಚ್ಚತಾವು" ಎಂದಳು. ಉಳಿದವರು ನಕ್ಕರು. ದೊಡ್ಡ ಊರಿನವರು ಮಾಳಿಗೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆ ಕಟ್ಟಿ ತರಕಾರಿ ಬೆಳೆಯುವುದನ್ನು ಹಿಂದಿನ ವಾರವಷ್ಟೇ ಟಿ.ವಿ.ಯಲ್ಲಿ ನೋಡಿದ್ದೆ. ಬಾಯಿ ಸುಮ್ಮನಿರಲಿಲ್ಲ. "ಈ ಸಲ ಎಳ್ಳಮವಾಸಿ ಚರಗ ನನ್ನ ಹೊಲದಾಗ. ರೋಣಕ್ಕ ಬರ್ರಿ ಎಲ್ಲಾರೂ" ಅಂದುಬಿಟ್ಟೆ. ಅಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಬರ್ತೇವ ತಗೋ" ಎಂದ. ಅವನು ತಮಾಷೆ ಮಾಡಿದ್ದರೆ ನಾನೂ ಮರೆತುಬಿಡುತ್ತಿದ್ದೆ.

ರೋಣದಲ್ಲಿ ಹಸಿರುಮನೆ ಕಟ್ಟುವವರು ಯಾರಿದ್ದಾರೆ? ಮದುವೆಗೆ ಪೆಂಡಾಲ್ ಹಾಕುವ ರಜಾಕಸಾಬನನ್ನು ಕರೆತಂದೆ. ಅವನು ಪೈಪು ನಿಲ್ಲಿಸಿ, ಪ್ಲಾಸ್ಟಿಕ್ ಎಳೆದು ಕಟ್ಟಿ, ರೂಢಿಯ ಮೇಲೆ ಬಾಗಿಲಿಗೊಂದು ಝಾಲರಿಯನ್ನೂ ಇಳಿಬಿಟ್ಟ. "ಸರ್, ಅಕ್ಕಿಕಾಳು ಯಾವತ್ರಿ?" ಎಂದು ಮದುವೆಯ ದಿನವನ್ನೂ ಕೇಳಿ ಹೋದ. ನನ್ನ ಹೆಂಡತಿ ಗಿರಿಜಾ ಮಾತ್ರ ನಗಲಿಲ್ಲ. "ಇನ್ನ ಮೆಣಸಿನಕಾಯಿ ನಿಮ್ಮ ತಲಿ ಮ್ಯಾಲೆ ಒಣಗಸ್ಲೇನ್ರಿ?" ಎಂದವಳು ಮಾಳಿಗೆ ಹತ್ತುವುದನ್ನೇ ಬಿಟ್ಟಳು.

ಮಣ್ಣಾದರೂ ನಮ್ಮದೇ ಇರಲಿ ಎಂದು ಸವಡಿಯಿಂದ ಎರೆಮಣ್ಣನ್ನೂ ಅಣ್ಣನ ತಿಪ್ಪೆಯ ಗೊಬ್ಬರವನ್ನೂ ಬಸ್ಸಿನ ಮೇಲೆ ಹೇರಿಸಿ ತಂದು ಎಂಟು ಎಣ್ಣೆ ಡಬ್ಬಿಗಳಿಗೆ ತುಂಬಿದೆ. ಬದನೆ ಬೀಜ ಹಾಕಿದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ನಮ್ಮ ಓಣಿಯ ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ತೊಟ್ಟಿಯಲ್ಲಿ ಹಿಡಿದಿಟ್ಟದ್ದನ್ನು ಕೊಡದಲ್ಲಿ ತುಂಬಿ ಇಪ್ಪತ್ತೊಂದು ಮೆಟ್ಟಿಲು ಹತ್ತಬೇಕು. ಬೆಳಿಗ್ಗೆ ಹಾಕಿದ ನೀರು ಕುಡಿದು ಸಂಜೆಗೆ ಮಣ್ಣು ಮತ್ತೆ ಬಿರಿದು ಬಾಯಿ ತೆರೆದಿರುತ್ತಿತ್ತು. ಸೊಂಟ ನೆಟ್ಟಗಾಗದೆ ಮೂರೂ ಪಾಣಿಪತ್ ಕದನಗಳನ್ನು ಕುರ್ಚಿಯಲ್ಲಿ ಕುಳಿತೇ ಮುಗಿಸಿದೆ. ಆದರೂ ಐದು ಡಬ್ಬಿಗಳಲ್ಲಿ ದಪ್ಪ ಕಾಂಡದ, ಅಗಲ ಎಲೆಯ ಗಿಡಗಳು ಎದ್ದಾಗ ದಣಿವು ಮರೆತೆ. ಅವುಗಳ ಬುಡದಲ್ಲೂ ಉಳಿದ ಮೂರರಲ್ಲೂ ಹುಟ್ಟಿದ ಸಣಕಲು ಸಸಿಗಳನ್ನು ಕಳೆ ಎಂದು ಕಿತ್ತೆಸೆದೆ.

ಎಳ್ಳಮವಾಸ್ಯೆಯ ದಿನ ಅಣ್ಣ ಅತ್ತಿಗೆ ಬಂದರು. ಗಿರಿಜಾಳೂ ಚರಗದ ಬುಟ್ಟಿ ಹೊತ್ತು ಮೇಲೆ ಬಂದಳು. ಅಣ್ಣ ಕೊನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು, ಝಾಲರಿ ಸರಿಸಿ ಒಳಗೆ ಹೋದ. ಒಂದು ಎಲೆ ಹರಿದು ಮೂಸಿದ.

"ಏನ್ ಹಾಕೀಯೋ ತಮ್ಮಾ?"

"ಬದನಿ."

"ಮದ್ಗುಣಕಿ ಇದು" ಎಂದ ಅಣ್ಣ.

ಉಮ್ಮತ್ತಿ! ದನಗಳೂ ಬಾಯಿ ಹಾಕದ ಕಳೆ. ಅಣ್ಣನ ತಿಪ್ಪೆಯ ಗೊಬ್ಬರದೊಡನೆ ಬಂದದ್ದು. ನಾನು ಕಿತ್ತೆಸೆದ ಸಣಕಲುಗಳೇ ಬದನೆ. ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡಳು. "ಇದನ್ನ ಕಿತ್ತ ಕಿತ್ತ ನನ್ನ ನಡಾ ಬಿದ್ದ ಹೋಗೇತಿ. ನೀ ಕೊಡಾ ಹೊತ್ತ ಬೆಳಸೀಯಲ್ಲೋ!" ಎಂದ ಅಣ್ಣ. ನನಗೆ ನಗುವೂ ಬರಲಿಲ್ಲ. ಈ ವಯಸ್ಸಿನಲ್ಲಿ ಅವನೆದುರು ಅಳು ಬಂದೀತೆಂದು ಹೆದರಿದೆ. "ಚರಗ ಬ್ಯಾಡ ಬಿಡು" ಅಂದೆ.

"ಚರಗ ಗಿಡಕ್ಕಲ್ಲೋ, ಮಣ್ಣಿಗೆ. ಮಣ್ಣು ನಮ್ಮದ ಐತಿ" ಎಂದವನೇ ಬುಟ್ಟಿ ತೆಗೆದುಕೊಂಡು, ಅಕ್ಕಪಕ್ಕದ ಮಾಳಿಗೆಯವರೆಲ್ಲ ತಿರುಗಿ ನೋಡುವಂತೆ "ಹುಲ್ಲುಲ್ಲಿಗೋ" ಎಂದು ಹೊಲದಲ್ಲಿ ಕೂಗುವ ಹಾಗೆಯೇ ಕೂಗುತ್ತ, ಎಂಟೂ ಡಬ್ಬಿಗಳಿಗೆ ಬಾಗಿ ಬಾಗಿ ಚರಗ ಹಾಕಿದ. ತಂಬಿಗೆ ನೀರು ಹಿಡಿದು ಅವನ ಹಿಂದೆ ನಾನು. ಹತ್ತು ಹೆಜ್ಜೆಗೆ ಹೊಲ ಮುಗಿಯಿತು.

ಊಟಕ್ಕೆ ಅಣ್ಣನಿಗೆಂದು ಚಾಪೆ ಹಾಸಿದೆ. ಅವನು ಬರಿ ನೆಲದ ಮೇಲೆ ಕುಳಿತು, "ನೀ ಕುಂದ್ರು, ಭಾಳ ದಣದೀ" ಎಂದು ನನ್ನ ಕಡೆಗೇ ಅದನ್ನು ಸರಿಸಿದ. ಹೊರಡುವಾಗ, "ಬರೂ ವರ್ಷ ಉಣ್ಣಾಕಷ್ಟ ಅಲ್ಲ, ಕಳೇ ತಗಿಯಾಕೂ ಬಾ. ಮದ್ಗುಣಕಿ ಗುರ್ತು ಈಗ ನಿನ್ನಷ್ಟ ಯಾರಿಗೈತಿ?" ಎಂದ.

ಮಳೆಗಾಲದಲ್ಲಿ ಹೋದೆ. ಅರ್ಧ ಸಾಲು ಮುಗಿಸುವುದರೊಳಗೆ ಅತ್ತಿಗೆ ಓಡಿಬಂದು ನನ್ನ ಕೈ ಹಿಡಿದಳು. ಮದ್ಗುಣಕಿಯನ್ನು ಬಿಟ್ಟು ಮೆಣಸಿನ ಸಸಿ ಕೀಳುತ್ತಿದ್ದೆನಂತೆ. ಬದುವಿನ ಮೇಲೆ ಚಾಪೆ ಹಾಸಿದಳು. ಈ ಸಲ ನಾನು ತುಟಿ ಪಿಟಕ್ಕೆನ್ನದೆ ಹೋಗಿ ಕುಳಿತುಕೊಂಡೆ.