ತಳವಿಲ್ಲದ ಕೆರೆಯಲ್ಲಿ ನನ್ನ ಹೆಂಡತಿ

ಆ ಕೆರೆಗೆ ತಳವಿಲ್ಲ ಎಂದು ಎಲ್ಲರೂ ನಂಬಿದ್ದರು.

ಕೆ.ಆರ್. ಪುರ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಕೆರೆ ಅದು. ಹೊಸ ತಿಪ್ಪಸಂದ್ರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರಮ್ಮನಿಗೆ ಆ ಹಳ್ಳಿ ತವರೂರು. ಏಳು ಬಾವಿಯ ಹಗ್ಗ ಗಂಟುಹಾಕಿ, ತುದಿಗೆ ಕಲ್ಲು ಕಟ್ಟಿ ಬಿಟ್ಟರೂ ನಡುಗೆರೆಯಲ್ಲಿ ತಳ ಸಿಗಲಿಲ್ಲ ಎಂದು ಆಕೆಯ ತಾತ ಹೇಳುತ್ತಿದ್ದರಂತೆ. ತಾತನನ್ನು ಯಾರೂ ಪ್ರಶ್ನಿಸಿರಲಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ ನಾನೂ ಪ್ರಶ್ನಿಸಲಿಲ್ಲ. ನಾನು ನೀರಿಗೆ ಇಳಿಯುವವನಲ್ಲ. ಇಳಿಯುವವಳು ನನ್ನ ಹೆಂಡತಿ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹಲಸೂರಿನ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕಿದ್ದ ಅವಳು ಒಂದು ಸಂಜೆ ಬಂದು, ಟ್ರಯಥ್ಲಾನ್‌ಗೆ ಹೆಸರು ಕೊಟ್ಟು ಬಂದೆ ಎಂದಳು. ಮೊದಲು ಆ ಕೆರೆಯಲ್ಲಿ ಈಜು, ಆಮೇಲೆ ಬಂಡೆ, ಹಳ್ಳ, ಹೊಲದ ಬದುಗಳ ಮೇಲೆ ಸೈಕಲ್ಲು, ಕೊನೆಗೆ ಅದೇ ದಾರಿಯಲ್ಲಿ ಓಟ. ಟಾರು ಎಲ್ಲೂ ಇಲ್ಲ.

"ಟಾರಿಲ್ಲದ ರಸ್ತೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಎಂದೆ.

ಅವಳು ನಗಲಿಲ್ಲ. ಈಜು ಕಲಿತು ಅವಳಿಗೆ ವರ್ಷವೂ ಆಗಿರಲಿಲ್ಲ. ಗೊತ್ತುಮಾಡಿದ ಹೊತ್ತಿನೊಳಗೆ ನೀರಿನಿಂದ ಮೇಲೆ ಬರದವರಿಗೆ ಸೀಟಿ ಊದಿ, ಸೈಕಲ್ಲು ಮುಟ್ಟಲೂ ಬಿಡದೆ ಮನೆಗೆ ಕಳಿಸುತ್ತಾರೆ. ತಳವಿಲ್ಲದ ನೀರಿನ ನಡುವೆ ಕೈಸೋತು ಆ ಸೀಟಿ ಕೇಳಬೇಕಾದೀತು ಎಂಬುದೇ ಅವಳ ಭಯ. ನನ್ನ ಕೆಲಸ ಜೊತೆಗಿರುವುದು. ಇದು ಸುಲಭದ ಕೆಲಸವೆಂದು ತಿಳಿದವರು ಯಾರ ಜೊತೆಗೂ ಇದ್ದವರಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತವನಿಗೂ ಏನಾದರೊಂದು ಆಗುತ್ತಲೇ ಇರುತ್ತದೆ.

ಬಕೆಟ್ಟು

ಈಜುಕೊಳದಲ್ಲಿ ಹೆಂಗಸರ ಬ್ಯಾಚು ದಿನವೂ ಇರುತ್ತಿರಲಿಲ್ಲ. ಇಲ್ಲದ ದಿನ ಉಸಿರು ಕಟ್ಟುವ ಅಭ್ಯಾಸ ಮನೆಯ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ನೀರು ತುಂಬಿದ ಬಕೆಟ್ಟಿನ ಮುಂದೆ ಅವಳು ಮಂಡಿಯೂರಿ ಕೂತು ಮುಖ ಮುಳುಗಿಸುವುದು. ಹೊತ್ತಿಗೆ ಮೊದಲೇ ಮೇಲೇಳದಂತೆ ನಾನು ಅವಳ ತಲೆಯ ಮೇಲೆ ಕೈಯಿಟ್ಟು ಗಡಿಯಾರ ನೋಡುವುದು. ಕೈಯಿಡಲು ಹೇಳಿದವಳು ಅವಳೇ.

ಒಂದು ಬೆಳಿಗ್ಗೆ ಮಾಲೀಕರಮ್ಮ ಒಣಗಿದ ಬಟ್ಟೆ ತೆಗೆಯಲು ಅಲ್ಲಿಗೆ ಬಂದರು.

"ಅಯ್ಯಯ್ಯೋ ಮೇಷ್ಟ್ರೇ! ಓದ್ದೋರು ನೀವು! ಬಿಡ್ರೀ, ಬಿಡ್ರೀ ಆ ಹುಡುಗೀನ!"

ಗಾಬರಿಯಿಂದ ಕೈ ತೆಗೆದೆ. ಹೆಂಡತಿ ತಲೆಯೆತ್ತಿದಳು. ಮೂಗಿನಿಂದ ನೀರು ಸುರಿಯುತ್ತಿತ್ತು. ಹಿಂದೆ ಯಾರಿದ್ದಾರೆಂದೂ ನೋಡದೆ ನನ್ನ ಮೇಲೆ ರೇಗಿದಳು.

"ಯಾಕ್ರೀ ಕೈ ತೆಗೆದ್ರಿ? ಇನ್ನೂ ಜೋರಾಗಿ ಅದುಮಬೇಕಿತ್ತು!"

ವಿವರಿಸಿ ಹೇಳಿದೆವು. ಮಾಲೀಕರಮ್ಮ ತಲೆಯಾಡಿಸಿದರು. ಮರುದಿನದಿಂದ ಮಾತ್ರ ಬೆಳಿಗ್ಗೆ ಎದ್ದ ಕೂಡಲೇ ನಮ್ಮ ಕಿಟಕಿಯ ಹತ್ತಿರ ನಿಂತು, "ಇದೀಯೇನಮ್ಮಾ?" ಎಂದು ಕೂಗುವರು. ಒಳಗಿನಿಂದ ಹೆಣ್ಣುದನಿ ಕೇಳಿಸಿದ ಮೇಲೆಯೇ ರಂಗೋಲಿ ಹಾಕಲು ಹೋಗುವರು.

ಹಿಂಬಾಲಕ

ಓಟದ ಅಭ್ಯಾಸ ನಸುಕಿನಲ್ಲಿ. ಮುಂದೆ ಅವಳು ಓಡುವಳು. ಹಿಂದೆ ನಾನು ನೀರಿನ ಬಾಟಲಿ ತೂಗುಹಾಕಿದ ಸ್ಕೂಟರಿನಲ್ಲಿ ನಡಿಗೆಗಿಂತ ತುಸು ವೇಗವಾಗಿ. ಇಂದಿರಾನಗರದ ಒಂದು ವೃತ್ತದಲ್ಲಿ ಪೊಲೀಸರೊಬ್ಬರು ಕೈ ಅಡ್ಡ ಹಾಕಿದರು.

"ಏನ್ ಸಾರ್, ಆಗ್ಲಿಂದ ನೋಡ್ತಿದೀನಿ, ಆ ಯಮ್ಮನ ಹಿಂದೆನೇ ಬರ್ತಿದೀರಾ?"

"ನನ್ನ ಹೆಂಡತಿ" ಎಂದೆ. ಅದರಿಂದ ಪರಿಸ್ಥಿತಿ ಸುಧಾರಿಸುತ್ತದೆ ಎಂದುಕೊಂಡಿದ್ದೆ.

"ಹೆಂಡ್ತೀನಾ? ಹೆಂಡ್ತೀನ ಓಡಿಸ್ಕೊಂಡು ನೀವು ಆರಾಮಾಗಿ ಗಾಡೀಲಿ ಬರ್ತಿದೀರಾ? ನಾಚ್ಕೆ ಆಗಲ್ವಾ?"

"ಅವಳೇ ಇಷ್ಟಪಟ್ಟು ಓಡ್ತಿರೋದು."

"ಇಷ್ಟಪಟ್ಟು ಯಾರ್ ಸಾರ್ ಓಡ್ತಾರೆ? ನೀವೇನೋ ಅಂದಿರ್ತೀರ."

ಅಷ್ಟರಲ್ಲಿ ಹೆಂಡತಿ ತಿರುಗಿ ಬಂದಳು. ಪೊಲೀಸರು ನನ್ನನ್ನು ಬಿಟ್ಟು ಅವಳನ್ನು ಕೇಳಿದರು: "ಗಾಡಿ ಓಡ್ಸೋಕೆ ಬರತ್ತೇನಮ್ಮಾ?"

"ಬರತ್ತೆ."

"ಹತ್ತಿ. ಸಾರ್, ನೀವು ಇಳೀರಿ."

ಅವಳು ತಡೆದುಕೊಳ್ಳಲಾರದ ನಗುವಿನೊಂದಿಗೆ ಸ್ಕೂಟರು ಹತ್ತಿದಳು. ನಾನು ಪ್ಯಾಂಟು ಚಪ್ಪಲಿಯಲ್ಲೇ ಮನೆಯವರೆಗೆ ಓಡಿದೆ. ಅವಳು ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬಂದಳು. ನಮ್ಮ ಬೀದಿಯ ಹಾಲಿನಂಗಡಿಯವನು ನನ್ನನ್ನು ನೋಡಿ, ಮರುಕದಿಂದ ಅವಳನ್ನು ಕೇಳಿದ: "ಸಾರ್‌ಗೂ ಬಂತಾ ಮೇಡಂ, ಶುಗರ್ರು?"

ಫುಲ್ ಸೇಫ್ಟಿ

ಯಾರೋ ಓಡಿಸಿ ಬಿಟ್ಟಿದ್ದ ದಪ್ಪ ಟೈರಿನ ಗೇರ್ ಸೈಕಲ್ಲೊಂದನ್ನು ಕೊಂಡು, ಶಿವಾಜಿನಗರದ ಒಬ್ಬ ಭಾಯಿಯ ಅಂಗಡಿಗೆ ರಿಪೇರಿಗೆ ಕೊಟ್ಟೆವು. "ನನ್ನ ಹೆಂಡತಿ ಓಡ್ಸೋದು, ಚೆನ್ನಾಗಿ ನೋಡಿ" ಎಂದಿದ್ದೆ. ವಾರ ಬಿಟ್ಟು ಹೋದರೆ ಸೈಕಲ್ಲಿನ ಗುರುತೇ ಸಿಗಲಿಲ್ಲ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಎರಡೂ ಚಕ್ರಕ್ಕೆ ಮಡ್‌ಗಾರ್ಡು, ಟ್ರಿಣ್ ಟ್ರಿಣ್ ಬೆಲ್ಲು. ಹಿಂದಿನ ಚಕ್ರದ ಪಕ್ಕದಲ್ಲಿ ಸೆರಗು ಸಿಕ್ಕದಂತೆ ಜಾಲರಿಯ ಸೀರೆ ಗಾರ್ಡು.

"ಲೇಡೀಸ್ ಅಂದ್ರಲ್ಲಾ ಸಾಬ್, ಫುಲ್ ಸೇಫ್ಟಿ ಮಾಡ್ಬಿಟ್ಟೆ" ಎಂದರು ಭಾಯಿ.

"ಭಾಯಿ, ಇದು ಬಂಡೆ ಮೇಲೆ, ಹಳ್ಳದೊಳಗೆ ಓಡ್ಸೋ ಸೈಕಲ್ಲು" ಎಂದಳು ಹೆಂಡತಿ.

ಭಾಯಿ ಯೋಚಿಸಿದರು. "ಹಳ್ಳದಾಗಾ? ಹಂಗಾದ್ರೆ ಸೀರೆ ಇನ್ನೂ ಜಾಸ್ತಿ ಸಿಕ್ಕೊಳ್ತದೆ ಬೆಹೆನ್."

"ನಾನು ಸೀರೆ ಉಡಲ್ಲ ಭಾಯಿ. ಚಡ್ಡಿ ಹಾಕ್ತೀನಿ."

ಭಾಯಿ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಗಾರ್ಡು, ಕ್ಯಾರಿಯರ್, ಬೆಲ್ಲು ಒಂದೊಂದಾಗಿ ಬಿಚ್ಚಿದರು. ಬುಟ್ಟಿಗೆ ಸ್ಪ್ಯಾನರ್ ಇಟ್ಟವರು ನಿಂತು, ತಗ್ಗಿದ ದನಿಯಲ್ಲಿ ಹೇಳಿದರು: "ಬುಟ್ಟಿ ಇರ್ಲಿ ಬೆಹೆನ್. ಒಂದು ದುಪಟ್ಟಾನಾದ್ರೂ ಇಟ್ಕೊಳ್ಳಿ."

ಗಂಗಮ್ಮನ ಅಪ್ಪಣೆ

ರೇಸಿನ ದಿನ ಬಾಡಿಗೆ ವ್ಯಾನಿನಲ್ಲಿ ನಾಲ್ವರು ಹೊರಟೆವು. ಹೆಂಡತಿ, ನಾನು, ತವರಿನ ಕೆರೆಗೆ ಬಾಗಿನ ಕೊಡಲೇಬೇಕು ಎಂದು ಹೊರಟ ಮಾಲೀಕರಮ್ಮ, ಮತ್ತು ನನ್ನ ಮಾವ. ಮಾವ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತರಾದವರು. ತಮ್ಮ ಕಾಲದಲ್ಲಿ ಒಂದು ಬೋಲ್ಟೂ ಕಳುವಾಗಲಿಲ್ಲ ಎಂಬುದು ಅವರ ಜೀವನಸಾಧನೆ.

ಏರಿಯ ಮೇಲೆ ನಿಂತರೆ ಕೆರೆ ಕಪ್ಪಗೆ, ನಿಶ್ಚಲವಾಗಿತ್ತು. ನಡುವೆ ಕಿತ್ತಳೆ ಬಣ್ಣದ ದೊಡ್ಡ ಚೆಂಡು ತೇಲುತ್ತಿತ್ತು. ಅದನ್ನು ಸುತ್ತಿಕೊಂಡು ಮರಳಬೇಕು. ಲಾರಿ ಟ್ಯೂಬುಗಳ ಮೇಲೆ ಮೂವರು ಕಾವಲಿಗೆ ಕೂತಿದ್ದರು. ರೇಸು ನಡೆಸುವ ಯುವಕ ಕೈಮೈಕಿನಲ್ಲಿ ಕೂಗುತ್ತಿದ್ದ: "ಯಾರೂ ಕಾಲು ಕೆಳಗೆ ಬಿಡ್ಬೇಡಿ! ತುಂಬಾ ಡೀಪಿದೆ! ಸುಸ್ತಾದ್ರೆ ಅಂಗಾತ ತೇಲಿ, ಟ್ಯೂಬ್ ಬರತ್ತೆ!"

"ಎಷ್ಟು ಡೀಪು?" ಎಂದು ಕೇಳಿದೆ.

"ತಳಾನೇ ಇಲ್ವಂತೆ ಸಾರ್. ಲೋಕಲ್ಸ್ ಕನ್ಫರ್ಮ್ ಮಾಡಿದ್ರು."

"ಯಾವ ಲೋಕಲ್ಸ್?"

ಅವನು ನಮ್ಮ ಮಾಲೀಕರಮ್ಮನ ಕಡೆ ಬೆರಳು ತೋರಿಸಿದ.

ಆಕೆ ಆಗಲೇ ಮೆಟ್ಟಿಲ ಮೇಲೆ ಮೊರ ಇಟ್ಟು ಕರ್ಪೂರ ಹಚ್ಚಿದ್ದರು. "ಗಂಗಮ್ಮನ್ನ ಕೇಳ್ದೆ ಒಬ್ರೂ ಇಳಿಯಂಗಿಲ್ಲ!" ಎಂದು ಆಜ್ಞೆಯಾಯಿತು. ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರುಗಳು ಬರೀ ಚಡ್ಡಿಯಲ್ಲಿ ಸಾಲಾಗಿ ನಿಂತು ಹಣೆ ಒಡ್ಡಿದರು. ಕನ್ನಡಕಗಳಿಗೂ ಕುಂಕುಮವಾಯಿತು. ಆರತಿ ತಟ್ಟೆ ಹಿಡಿದವನು ನಾನು. ದೇವರನ್ನು ನಂಬದವನ ಕೈ ಅಲ್ಲಾಡುವುದಿಲ್ಲ ಎಂದು ಮಾಲೀಕರಮ್ಮನೇ ಅದನ್ನು ನನಗೆ ಕೊಟ್ಟಿದ್ದರು. ಸಾಲಿನ ಕೊನೆಯಲ್ಲಿ ಬಂದ ಯುವಕ ಭಕ್ತಿಯಿಂದ ತನ್ನ ಸೀಟಿಯನ್ನೂ ಒಡ್ಡಿದ. ಮಾಲೀಕರಮ್ಮ ಅದಕ್ಕೆ ಧಾರಾಳವಾಗಿ ಅರಿಶಿನ ಕುಂಕುಮ ತುಂಬಿದರು.

ಎಲ್ಲರೂ ಮೆಟ್ಟಿಲ ತುದಿಗೆ ಬಂದು ಬಗ್ಗಿ ನಿಂತರು. ಯುವಕ ಕೆನ್ನೆ ಉಬ್ಬಿಸಿ ಊದಿದ. ಸೀಟಿಯಿಂದ ಕೆಂಪು ಪುಡಿ ಬಂತು, ಸದ್ದು ಬರಲಿಲ್ಲ. ಅದೇ ಕ್ಷಣಕ್ಕೆ ಮಾಲೀಕರಮ್ಮ ಠಣ್ಣನೆ ಕಾಯಿ ಒಡೆದರು. ಎಲ್ಲರೂ ನೀರಿಗೆ ಬಿದ್ದರು.

ಈಜು

ಇಲ್ಲಿ ನಗುವಂಥದ್ದು ಏನೂ ಆಗಲಿಲ್ಲ. ಚೆಂಡು ಸುತ್ತುವ ಹೊತ್ತಿಗೆ ನನ್ನ ಹೆಂಡತಿ ಎಲ್ಲರಿಗಿಂತ ಹಿಂದೆ ಇದ್ದಳು. ನಡುಗೆರೆಯಲ್ಲಿ ಒಮ್ಮೆ ಅವಳ ಕೈ ನಿಂತಿತು. ಟ್ಯೂಬಿನವನು ಅವಳ ಕಡೆ ತಿರುಗಿದ. ಅವಳು ಅಂಗಾತ ತೇಲಿ, ಆಕಾಶ ನೋಡಿ, ಕೈಸನ್ನೆಯಿಂದ ಅವನನ್ನು ದೂರ ಕಳಿಸಿ, ಮತ್ತೆ ಮಗುಚಿದಳು. ನಾನು ಏರಿಯ ಮೇಲೆ ಅತ್ತಿಂದಿತ್ತ ಓಡುತ್ತಾ, "ಬಾರೇ! ಬಾರೇ! ಇನ್ನೇನು ಬಂತು!" ಎಂದು ಕಿರುಚುತ್ತಿದ್ದೆನಂತೆ. ನನಗೆ ನೆನಪಿಲ್ಲ. ತೊಳೆದ ಸೀಟಿಯನ್ನು ಯುವಕ ಬಾಯಿಗಿಡುವಾಗ ಅವಳ ಕೈ ಮೆಟ್ಟಿಲಿಗೆ ತಗುಲಿತು.

"ಸಿಗ್ತು ಕಣ್ರೀ!" ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು.

ಕಾರ್ಯಕರ್ತನೊಬ್ಬ ನನ್ನ ಭುಜ ತಟ್ಟಿ, "ಸಾರ್, ತಟ್ಟೆ ಕೊಡ್ತೀರಾ?" ಎಂದ. ಆರತಿ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಜೋಡು

ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಪಕ್ಕದಲ್ಲಿ ಶೂ ಬಿಟ್ಟಿದ್ದರು. ನಾವು ಅಲ್ಲಿಗೆ ಓಡಿದಾಗ ವಿಚಿತ್ರ ದೃಶ್ಯ. ನಮ್ಮ ಸಾಲಿನಲ್ಲಿ, ನೀರಿನಿಂದ ಎಷ್ಟೋ ಮೊದಲೇ ಎದ್ದವರೆಲ್ಲ ಅಲ್ಲೇ ಇದ್ದಾರೆ. ಒಬ್ಬೊಬ್ಬರ ಒಂದೊಂದು ಕಾಲಿಗೆ ಶೂ ಇದೆ. ಇನ್ನೊಂದು ಕಾಲನ್ನು ಎತ್ತಿಕೊಂಡು ಕುಂಟುತ್ತಾ, ಬೈಯುತ್ತಾ, ಪೊದೆಗಳಲ್ಲಿ ಹುಡುಕುತ್ತಿದ್ದಾರೆ. ಹೆಂಡತಿಯ ಸೈಕಲ್ಲಿನ ಪಕ್ಕದಲ್ಲೂ ಒಂದೇ ಶೂ.

ಪಕ್ಕದಲ್ಲಿ ಮಾವ ಕೈಕಟ್ಟಿ ಕಾವಲು ನಿಂತಿದ್ದರು.

"ಅಪ್ಪಾ, ಇನ್ನೊಂದೆಲ್ಲಿ?"

"ಜೋಡಿ ಒಂದೇ ಕಡೆ ಬಿಟ್ರೆ ಉಳಿಯತ್ತೇನಮ್ಮಾ? ಛತ್ರದಲ್ಲಿ, ಗುಡೀಲಿ ನಾವು ಹಾಗೆ ಬಿಡ್ತೀವಾ? ನಿಂದು ಆ ಹುಣಸೆಮರದ ಹಿಂದಿದೆ."

ಅವಳು ಮರದ ಕಡೆ ಹಾರಿದಳು. ನಾನು ಮಾವನ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಇವರದೆಲ್ಲಾ?"

"ಪಾಪ, ಚಿಕ್ಕ ಹುಡುಗ್ರು, ಎಲ್ಲಾ ಹಾಗ್ಹಾಗೇ ಬಿಟ್ಟು ಹೋಗಿದ್ರು. ಒಳ್ಳೇ ಕಂಪನಿ ಮಾಲು ಬೇರೆ. ಈ ಸಾಲಿನೋರ್ದು ಪೂರ್ತಿ ಬೇರೆ ಮಾಡಿ ಇಟ್ಟಿದೀನಿ. ಮುಂದಿನ ಸಾಲಿಗೆ ಹೋಗೋಷ್ಟ್ರಲ್ಲಿ ಬಂದ್ಬಿಟ್ರು."

"ಎಲ್ಲೆಲ್ಲಿ ಇಟ್ಟಿದೀರಿ ಅಂತ ಹೇಳಿ ಮಾವ, ಬೇಗ."

ಮಾವ ಸುತ್ತ ನೋಡಿದರು. ಸ್ಟೋರ್ಸಿನಲ್ಲಿ ಅದಕ್ಕೆಲ್ಲ ಒಬ್ಬ ಗುಮಾಸ್ತ ಇರುತ್ತಿದ್ದ ಎಂದರು.

ಕೆರೆಯಿಂದ ಎಲ್ಲರಿಗಿಂತ ಕೊನೆಗೆ ಎದ್ದ ನನ್ನ ಹೆಂಡತಿ, ಆ ಸಾಲಿನಿಂದ ಎಲ್ಲರಿಗಿಂತ ಮೊದಲು ಹೊರಟಳು.

ನಡುಗೆರೆ

ಬಿಸಿಲು ನೆತ್ತಿಗೇರಿದ ಮೇಲೆ ಅವಳು ಓಡಿ ಬಂದಳು. ಮೊಣಕೈ ತರಚಿತ್ತು, ಬೆನ್ನ ತುಂಬ ಕೆಸರು. ಗುರಿಯ ರಿಬ್ಬನ್ನನ್ನು ಮೊದಲು ಬಂದವನೇ ಹರಿದಿದ್ದ. ಮಾವ ತಮ್ಮ ಶಲ್ಯ ಬಿಚ್ಚಿ, ಒಂದು ತುದಿ ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು ನಿಂತರು. ಅವಳು ಅದನ್ನು ಎದೆಯಿಂದ ಸೆಳೆದುಕೊಂಡು ದಾಟಿ ಹೋದಳು. ಮಾಲೀಕರಮ್ಮ ಅಳುತ್ತಾ ಅವಳ ದೃಷ್ಟಿ ತೆಗೆದರು. ನಾನು ಅಳಲಿಲ್ಲ. ಕಣ್ಣಿಗೆ ಧೂಳು ಬಿದ್ದಿತ್ತು, ಟಾರಿಲ್ಲದ ರಸ್ತೆ.

ಬಹುಮಾನದ ಸಭೆ ಏರಿಯ ಮೇಲೆ, ಕೆರೆಗೆ ಮುಖಮಾಡಿ. ಪೂರ್ತಿ ಮುಗಿಸಿದ ಹೆಂಗಸು ಅವಳೊಬ್ಬಳೇ ಆದ್ದರಿಂದ ಅವಳನ್ನು ವೇದಿಕೆಗೆ ಕರೆದರು. ಊರ ಮುಖಂಡರೊಬ್ಬರು ಹಾರ ಹಾಕಿ ಮೈಕು ಹಿಡಿದರು.

"ಬಂಧುಗಳೇ, ನಮ್ಮ ತಾತ ಮುತ್ತಾತಂದಿರೂ ದಾಟೋಕೆ ಹೆದರಿದ ಕೆರೆ ಇದು. ತಳ ಇಲ್ಲದ ಕೆರೆ! ಇದರ ನಡುವಿಗೆ ಹೋಗಿ ಬಂದವ್ಳೆ ಅಂದ್ರೆ ಈ ನಮ್ಮ ತಂಗಿ ಸಾಮಾನ್ಯದೋಳಲ್ಲ. ಗಂಗಮ್ಮನ ಮಗಳು!"

ಚಪ್ಪಾಳೆ ಬಿತ್ತು. ಹೆಂಡತಿ ಕಣ್ಣೊರೆಸಿಕೊಂಡಳು. ಟ್ಯೂಬಿನ ಮೂವರು ಎದ್ದು ನಿಂತು ಕೈಮುಗಿದರು. ಯುವಕ ಕೈಮೈಕಿನಲ್ಲಿ ಜೈಕಾರ ಹಾಕಿದ. ಮಾಲೀಕರಮ್ಮ ಸಭೆಗೆಲ್ಲ ಕೇಳುವಂತೆ, ಏಳು ಬಾವಿ ಹಗ್ಗದ ಕಥೆಯನ್ನು ಇನ್ನೊಮ್ಮೆ ಹೇಳಿದರು.

ಆಗ ಆಚೆ ದಡದಲ್ಲಿ, ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ಕಾಣಿಸಿದಳು. ಏರಿ ಬಳಸಿ ಬರುವುದು ದೂರವೆನಿಸಿರಬೇಕು. ಸೀರೆ ಎತ್ತಿಕಟ್ಟಿ ನೇರ ನೀರಿಗೆ ಇಳಿದಳು.

"ಅಯ್ಯೋ, ಹೋದ್ಲು, ಹೋದ್ಲು!" ಎಂದು ಮಾಲೀಕರಮ್ಮ ಚೀರಿದರು. ಟ್ಯೂಬಿನವರು ಟ್ಯೂಬು ಹುಡುಕುತ್ತಾ ಓಡಿದರು.

ಮುದುಕಿ ಯಾವ ಅವಸರವೂ ಇಲ್ಲದೆ, ಒಂದು ಕೈ ಹೊರೆಯ ಮೇಲಿಟ್ಟು, ಇನ್ನೊಂದು ಕೈಯನ್ನು ಬೀಸಿಕೊಂಡು ನಡೆದು ಬಂದಳು. ದಾರಿಗಡ್ಡವಾಗಿದ್ದ ಕಿತ್ತಳೆ ಚೆಂಡನ್ನು ಪಕ್ಕಕ್ಕೆ ತಳ್ಳಿದಳು.

ಅಲ್ಲಿ ನೀರು ಅವಳ ಸೊಂಟದವರೆಗಿತ್ತು.