ಮಣ್ಣುಮುಕ್ಕನ ಚಳಿಗಾಲ

ಮನೆಗೆ ಬಂದ ಹೊಸ ಸೊಸೆಗಿಂತ, ಅಂದರೆ ನನಗಿಂತ, ಒಂದು ಹಾವಿಗೆ ಚಳಿಯಾದೀತೆಂಬ ಚಿಂತೆಯೇ ನಮ್ಮ ಭಾವನವರಿಗೆ ಹೆಚ್ಚಾಗಿತ್ತು ಎಂದರೆ ನೀವು ನಂಬಲೇಬೇಕು! ನಾನು ಮದುವೆಯಾಗಿ ಯಲಹಂಕಕ್ಕೆ ಬಂದದ್ದು ಐವತ್ತರ ದಶಕದ ಕೊನೆಯ ಒಂದು ಕಾರ್ತಿಕದಲ್ಲಿ. ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಬಂದವಳಿಗೆ ಅತ್ತೆ ದೇವರ ಮನೆ ತೋರಿಸಿದರು. ಓರಗಿತ್ತಿ ಅಡುಗೆ ಮನೆ ತೋರಿಸಿದರು. ನನ್ನವರ ಅಣ್ಣನಾದ ಈ ಭಾವನವರು ತೋರಿಸಿದ್ದು ನಡುಮನೆಯ ಮೂಲೆಯಲ್ಲಿದ್ದ ಟೀಪುಡಿಯ ಮರದ ಪೆಟ್ಟಿಗೆ.

"ಹೆದರ್ಬೇಡಮ್ಮ, ಒಳಗೆ ಹಾವಿದೆ ಅಷ್ಟೆ!"

ಅಷ್ಟೆಯಂತೆ!

ಭಾವನವರು ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ಕಡಲೆಕಾಯಿ ಮೂಟೆಗಳ ಸಂದಿಯಲ್ಲಿ ಅದು ಕಂಡಾಗ ಹಮಾಲರು ಕೋಲೆತ್ತಿದರಂತೆ. ಇವರು ಅಡ್ಡ ನಿಂತು, ಹಾವನ್ನು ಕೈಚೀಲಕ್ಕೆ ಹಾಕಿಕೊಂಡು ಸಂಜೆಯ ರೈಲಿನಲ್ಲಿ ಮನೆಗೇ ತಂದರು. ಅತ್ತೆ ಹೇಳಿದ್ದ ಬದನೆಕಾಯಿಯನ್ನು ಮಾತ್ರ ಮರೆತಿದ್ದರು.

ಅದನ್ನು ಯಾರಾದರೂ 'ನಾಗಪ್ಪ' ಎಂದರೆ ಭಾವನವರಿಗೆ ಮೈಯೆಲ್ಲ ಉರಿ. "ನಾಗ ಅಲ್ಲ ಕಣ್ರೀ, ಮಣ್ಣುಮುಕ್ಕ! ಹೆಡೆ ಇಲ್ಲ, ವಿಷ ಇಲ್ಲ!" ಎಂದು ಹಾಲಿನವನಿಂದ ಹಿಡಿದು ಪುರೋಹಿತರವರೆಗೆ ಎಲ್ಲರನ್ನೂ ತಿದ್ದುತ್ತಿದ್ದರು. ಮುಸ್ಸಂಜೆ ಹಾವಿನ ಹೆಸರೆತ್ತಬಾರದೆಂದು ನಾನೊಮ್ಮೆ 'ಹುಳ' ಎಂದೆ. ಅದಕ್ಕೆ ಪೂರ್ತಿ ಅರ್ಧ ಗಂಟೆ ಪಾಠ ಕೇಳಬೇಕಾಯಿತು.

ಮಾರ್ಗಶಿರ ಬಂತು. ಆಗಿನ ಯಲಹಂಕದ ಚಳಿ ಕೇಳಬೇಕೆ? ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತಿತ್ತು. ಹಾವೂ ಹಾಗೇ ಆಯಿತು. ತಿನ್ನಲಿಲ್ಲ, ಅಲುಗಲಿಲ್ಲ. ಕಾವು ಕೊಡದಿದ್ದರೆ ಉಳಿಯುವುದಿಲ್ಲವೆಂದು ಭಾವನವರು ಆಫೀಸಿಗೆ ರಜಾ ಹಾಕಿ ಕೂತರು.

ನಮ್ಮ ಬೀದಿಗೆ ಕರೆಂಟು ಬಂದು ಆರು ತಿಂಗಳಾಗಿತ್ತಷ್ಟೆ. ಮನೆಗೆಲ್ಲ ಒಂದೇ ಬಲ್ಬು. ಅದು ಪೆಟ್ಟಿಗೆಯೊಳಗೆ ಇಳಿಯಿತು. ನಾವು ಕತ್ತಲಲ್ಲಿ ಸಾರೆಂದುಕೊಂಡು ಮಜ್ಜಿಗೆ ಬಡಿಸಿಕೊಂಡೆವು. "ಹಾವಿಗೆ ದೀಪಾವಳಿ, ನಮಗೆ ಬರೀ ಅಮಾವಾಸ್ಯೆ!" ಎಂದರು ಅತ್ತೆ. ಮೂರನೇ ದಿನ ಬಲ್ಬು ಸುಟ್ಟುಹೋಯಿತು. ಆಮೇಲೆ ಹಂಡೆಯ ಒಲೆಯಲ್ಲಿ ಕಾಯಿಸಿದ ಇಟ್ಟಿಗೆಯನ್ನು ನನ್ನವರ ಮದುವೆಯ ಶಾಲಿನಲ್ಲಿ ಸುತ್ತಿ ಇಟ್ಟರು. ಇಟ್ಟಿಗೆಯ ಬಿಸಿ ಆರಿತು, ಶಾಲಿನ ತೂತು ಉಳಿಯಿತು!

ಸುಬ್ರಹ್ಮಣ್ಯ ಷಷ್ಠಿಯ ದಿನವಂತೂ ಬೀದಿಯ ಹೆಂಗಸರೆಲ್ಲ ಹಾಲು ಹಿಡಿದು ಬಂದರು. "ಮಕ್ಕಳಾಗ್ಲಿ ಅಂತ ತಾನೇ ಈ ಸೇವೆ?" ಎಂದು ಪಕ್ಕದ ಮನೆಯಾಕೆ ನನ್ನ ಓರಗಿತ್ತಿಯನ್ನು ಕೇಳಿಯೇಬಿಟ್ಟರು. ನಾನು ಅಕ್ಕ ಎಂದು ಕರೆಯುತ್ತಿದ್ದ ಅವರು ಒಳಗೆ ಹೋದರು. ಭಾವನವರು ಬಾಗಿಲಿಗೆ ಬಂದು, "ನಾಗ ಅಲ್ಲ, ಮಣ್ಣುಮುಕ್ಕ! ಹಾಲು ಕುಡಿಯಲ್ಲ. ಇದ್ದಿಲಿದ್ರೆ ತಂದ್ಕೊಡಿ, ಪುಣ್ಯ ಬರುತ್ತೆ!" ಎಂದರು. ಸಂಜೆಯೊಳಗೆ ಅರ್ಧ ಮೂಟೆ ಇದ್ದಿಲು!

ಇದ್ದಿಲೇನೋ ಬಂತು, ಅದನ್ನು ಹಾಕಲು ಅಗ್ಗಿಷ್ಟಿಕೆ ಬೇಡವೆ? ಭಾವನವರು ಅಟ್ಟ ಹತ್ತಿ, ಗೋಣಿಯಲ್ಲಿ ಸುತ್ತಿದ್ದ ಒಂದನ್ನು ಹಿಡಿದು ಏಣಿಯ ಮೇಲೇ ಒಂದು ಗಳಿಗೆ ನಿಂತರು. ಆಮೇಲೆ ಇಳಿದರು. ಒಂದಿಷ್ಟೂ ಮಸಿಯಿಲ್ಲದ ಹೊಸ ಅಗ್ಗಿಷ್ಟಿಕೆ.

"ಎಷ್ಟು ಚೆನ್ನಾಗಿದೆ! ಯಾಕೆ ಬಳಸೇ ಇಲ್ಲ?" ಎಂದೆ, ಪೆದ್ದಿಯ ಹಾಗೆ.

ಅತ್ತೆ ನನ್ನನ್ನು ಹಿತ್ತಲಿಗೆ ಕರೆದೊಯ್ದು ಹೇಳಿದರು. ಅಕ್ಕನಿಗೆ ತವರಿರಲಿಲ್ಲ. ಬಾಣಂತನ ಇಲ್ಲೇ ಆಗಬೇಕೆಂದು, ಮಂಚದ ಕೆಳಗಿಡಲು ಭಾವನವರೇ ಆರು ವರ್ಷದ ಹಿಂದೆ ಅದನ್ನು ತಂದಿದ್ದರು. ಮಗು ಹುಟ್ಟಿದ ದಿನವೇ ಹೋಯಿತು. ಅಗ್ಗಿಷ್ಟಿಕೆಯನ್ನು ಹೊತ್ತಿಸಲೇ ಇಲ್ಲ.

ನಾನು ಒಳಗೆ ಬರುವಷ್ಟರಲ್ಲಿ ಭಾವನವರು ಆತುರದಲ್ಲಿ ಕೆಂಡ ತುಂಬಿ ಪೆಟ್ಟಿಗೆಯ ಪಕ್ಕಕ್ಕೆ ಇಟ್ಟಿದ್ದರು. ಅಡುಗೆ ಮನೆಯ ಬಾಗಿಲಲ್ಲಿ ಅಕ್ಕ. ಹಾವು, ಅಗ್ಗಿಷ್ಟಿಕೆ ಎರಡನ್ನೂ ಈಗ ಬೀದಿಗೆಸೆಯುತ್ತಾರೆ ಎಂದುಕೊಂಡೆ. ಅಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತರು. ಇಕ್ಕಳದಿಂದ ನಾಲ್ಕು ಕೆಂಡ ತೆಗೆದರು. ಉಳಿದದ್ದರ ಮೇಲೆ ಬೂದಿ ಮುಚ್ಚಿ, ಪೆಟ್ಟಿಗೆಯ ಹಲಗೆಗೆ ಕೈ ಒತ್ತಿ ಕಾವು ನೋಡಿದರು.

"ಇಷ್ಟೊಂದು ಕೆಂಡ ಹಾಕ್ತಾರೇನ್ರೀ? ಮಗು ತಡ್ಕೊಳ್ಳುತ್ತಾ?"

ಇಡೀ ಯಲಹಂಕವನ್ನು ತಿದ್ದಿದ್ದ ಭಾವನವರು ಬಾಯಿ ತೆರೆದರು. ಮತ್ತೆ ಮುಚ್ಚಿದರು.

"ನಂಗೆ ಗೊತ್ತಾಗ್ಲಿಲ್ಲ ಕಣೇ," ಎಂದರು ಮೆಲ್ಲಗೆ. "ನೀನೇ ನೋಡ್ಕೋ."

ಅಕ್ಕ ನೋಡಿಕೊಂಡರು. ಯುಗಾದಿಯ ಬಿಸಿಲು ಬಂದಾಗ ಹಾವು ಮೈ ತುಂಬಿಕೊಂಡು ಕೆರೆಯ ಏರಿ ಸೇರಿತು. ಅಗ್ಗಿಷ್ಟಿಕೆ ಮಾತ್ರ ಮತ್ತೆ ಅಟ್ಟ ಹತ್ತಲಿಲ್ಲ.