ಜಪಕ್ಕೆ ಕೂತವನ ಹೂಂಕಾರ

ಮುಂಗೋಪಿಗಳೆಲ್ಲ ತಮ್ಮ ಬಗ್ಗೆ ಒಂದು ಮಾತು ಹೇಳಿಕೊಳ್ಳುತ್ತಾರೆ: ಬಾಯಿ ಜೋರು, ಮನಸ್ಸು ಬೆಣ್ಣೆ ಅಂತ. ಆ ಬೆಣ್ಣೆಯನ್ನು ಕಣ್ಣಾರೆ ಕಂಡವರು ಮಾತ್ರ ಸಿಗುವುದಿಲ್ಲ. ಹೊಳೆನರಸೀಪುರದಲ್ಲಿ ಲೆಕ್ಕದ ಮೇಷ್ಟ್ರಾಗಿರುವ ನನ್ನದೂ ಅದೇ ಜಾತಿಯ ಬೆಣ್ಣೆ. ತರಗತಿಯಲ್ಲಿ ಖರ್ಚಾಗದೆ ಉಳಿದ ಸಿಟ್ಟನ್ನು ಜೋಪಾನವಾಗಿ ಮನೆಗೆ ತರುತ್ತಿದ್ದೆ. ನಮ್ಮ ಬೀದಿಗೆ ಕರೆಂಟು ಬಂದ ವರ್ಷ, ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ಮಾವನವರ ಎದುರಿಗೇ ಹೆಂಡತಿಯ ಮೇಲೆ ಕೂಗಾಡಿದೆ. ಮಾವ ಅರಕಲಗೂಡಿನ ಹತ್ತಿರ ಹೊಗೆಸೊಪ್ಪು ಬೆಳೆಯುವವರು, ಮಾತು ಕಡಿಮೆ. ಎಲೆ ಮುಂದಿನಿಂದ ಎದ್ದು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

“ನಿಮ್ಮ ಸಿಟ್ಟಿಗೆ ಎದ್ರಿ ನಮ್ಮಪ್ಪ ಮಗಳ ಮನೆ ವಸ್ಲು ತುಳಿಯೋದೇ ಬುಟ್ರು,” ಎಂದು ಹೆಂಡತಿ ಪುಟ್ಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಮಾವ ಬರುವಂತಾಗಬೇಕು, ಅದಕ್ಕೆ ನಾನು ತಣ್ಣಗಾಗಬೇಕು. ನಿವೃತ್ತ ಹೆಡ್‌ಮಾಸ್ಟರೊಬ್ಬರು ದಾರಿ ಹೇಳಿದರು. ಬೆಳಿಗ್ಗೆ ಸ್ನಾನ ಮಾಡಿ, ಕಣ್ಣು ಮುಚ್ಚಿ, ಶಿವಪಂಚಾಕ್ಷರಿ ಜಪಿಸುವುದು. ಮಾಲೆ ಒಂದು ಸುತ್ತು ಮುಗಿಯುವವರೆಗೆ ಮಾತಾಡಕೂಡದು, ಆಡಿದರೆ ಮತ್ತೆ ಮೊದಲಿನಿಂದ.

ಮಾತಿಗೆ ಅಡ್ಡಿ, ಹೂಂಕಾರಕ್ಕೇನೂ ಅಡ್ಡಿಯಿಲ್ಲವಲ್ಲ. ಹಾಲು ಉಕ್ಕಿದರೆ ಒಲೆಯತ್ತ ಬೆರಳು ತೋರಿಸಿ “ಹೂಂ!”, ನಾಯಿ ಒಳಗೆ ಬಂದರೆ ಹುಬ್ಬು ಗಂಟಿಕ್ಕಿ “ಹೂಂ ಹೂಂ!” ಹೀಗೆ ಇಡೀ ಸಂಸಾರವನ್ನು ಮೂಗಿನಿಂದಲೇ ನಡೆಸುವುದನ್ನು ಕಲಿತೆ. ಕೂಗು ಬೀದಿಗೆ ಕೇಳಿಸದೆ ಹೋದ್ದರಿಂದ ಮೇಷ್ಟ್ರು ಸಾಧುವಾದರೆಂದು ಸುದ್ದಿ ಹಬ್ಬಿತು. ಸುದ್ದಿ ಅರಕಲಗೂಡಿಗೂ ಮುಟ್ಟಿತು.

ಒಂದು ಬೆಳಿಗ್ಗೆ ಮೊದಲನೆಯ ಬಸ್ಸಿಗೇ ಮಾವ ಬಂದುಬಿಟ್ಟರು, ಮಗಳಿಗೆಂದು ಕಾಲು ಕಟ್ಟಿದ ಒಂದು ಕೋಳಿ ಹಿಡಿದುಕೊಂಡು. ಪುಟ್ಟಮ್ಮ ನೀರಿಗೆ ಹೋಗಿದ್ದಳು. ಅವರು ಕೋಳಿಯನ್ನು ನನ್ನ ಚಾಪೆಯ ಪಕ್ಕದಲ್ಲೇ ಇಟ್ಟರು. ಅದು ರೆಕ್ಕೆ ಬಡಿದು ವಿಭೂತಿಯನ್ನೆಲ್ಲ ನನ್ನ ಮುಖಕ್ಕೆ ಹಾರಿಸಿತು. ಮಾಲೆ ಮುಗಿಯಲು ಇನ್ನು ಸ್ವಲ್ಪವೇ ಬಾಕಿ. ನಾನು ಕಣ್ಣು ಕೆಂಪಗೆ ಮಾಡಿ, ಬಾಗಿಲಿನತ್ತ ಬೆರಳು ಚಾಚಿ, “ಹೂಂ! ಹೂಂ!” ಎಂದೆ. ಮಾವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಕೋಳಿ ಎತ್ತಿಕೊಂಡು ಹೊರಗೆ ನಡೆದರು. ಜಗಲಿಯಲ್ಲಿ ಕಟ್ಟಿ ಬರುತ್ತಾರೆ ಅಂದುಕೊಂಡು ನಾನು ಕಣ್ಣು ಮುಚ್ಚಿದೆ. ಆ ದಿನದಷ್ಟು ಚೆನ್ನಾಗಿ ಜಪ ಎಂದೂ ಆಗಿರಲಿಲ್ಲ.

ಪುಟ್ಟಮ್ಮ ಕೊಡ ಇಳಿಸದೆಯೇ ಕೇಳಿದಳು: “ನಮ್ಮಪ್ಪ ಕೋಳಿ ಇಡ್ಕಂಡು ಬಸ್‌ಸ್ಟ್ಯಾಂಡ್ ಕಡೀಕೆ ಓಯ್ತಾವ್ರೆ. ಕರುದ್ರೂ ತಿರುಗ್ಲಿಲ್ಲ. ಏನಂದ್ರಿ ಅವ್ರಿಗೆ?”

ನಾನು “ಹೂಂ ಹೂಂ” ಎಂದೆ. ಏನೂ ಅನ್ನಲಿಲ್ಲ ಅಂತ ಅರ್ಥ. ಅವಳ ಮುಖ ನೋಡಿದ ಮೇಲೆ ಮಾಲೆ ಮುಗಿಸುವ ಧೈರ್ಯ ಉಳಿಯಲಿಲ್ಲ.

ಒದ್ದೆ ಪಂಚೆಯಲ್ಲೇ ಓಡಿದೆ. ಎದುರಿಗೆ ಸಿಕ್ಕ ನನ್ನ ವಿದ್ಯಾರ್ಥಿಗಳು ನಗುವುದೋ ನಮಸ್ಕರಿಸುವುದೋ ತಿಳಿಯದೆ ಎರಡನ್ನೂ ಮಾಡಿದರು. ಮಾವ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೋಳಿಯನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದರು.

“ಮಾವ, ನಾನು ಕೋಳಿ ಹೊರಗೆ ಕಟ್ಟಿ ಅಂದದ್ದು,” ಎಂದೆ.

“ಬಾಯ್ಬುಟ್ಟು ಬೈದಿದ್ರೆ ನಾನೂ ಎಲ್ಡು ಮಾತು ಬೈದು ಒಳಗೇ ಕುಂತ್ಕತಿದ್ದೆ ಮೇಷ್ಟ್ರೇ,” ಅಂದರು ಮಾವ. “ದೇವ್ರ ಮುಂದೆ ಕುಂತು ಓಗು ಅಂದ್ರಲ್ಲ, ಅದುಕ್ಕೆ ಏನಂತ ಎದುರಾಡ್ಲಿ?”

ಜಪಮಾಲೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಕೈ ಹಿಡಿದುಕೊಂಡೆ. ಬಸ್ಸು ಬಂದು ಹೋಗುವವರೆಗೂ ಬಿಡಲಿಲ್ಲ. ಆಮೇಲೆ ಅವರೇ ಎದ್ದು ನಮ್ಮ ಮನೆ ಕಡೆ ಹೊರಟರು.

ಆ ಕೋಳಿಯನ್ನು ಕೊಯ್ಯಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸು ಬರಲಿಲ್ಲ. ಜಪವನ್ನೂ ನಾನು ಬಿಟ್ಟಿಲ್ಲ. ಆದರೆ ಬಾಗಿಲಲ್ಲಿ ಸ್ವಲ್ಪ ಸದ್ದಾದರೂ ಮಂತ್ರದ ನಡುವೆಯೇ “ಬನ್ನಿ, ಕೂತ್ಕೊಳ್ಳಿ” ಎಂದುಬಿಡುತ್ತೇನೆ. ಮಾಲೆ ಮತ್ತೆ ಮೊದಲಿನಿಂದ. ಕಣ್ಣು ಬಿಟ್ಟು ನೋಡಿದರೆ ಬಂದಿರುವುದು ಹೆಚ್ಚಾಗಿ ಆ ಕೋಳಿಯೇ. ಕರೆದ ಮೇಲೆ ಹೋಗು ಅನ್ನುವ ಮುಖ ನನಗೆಲ್ಲಿದೆ? ಅದೂ ಚಾಪೆಯ ಮೇಲೆ ಕೂರುತ್ತದೆ.